ಫೆರೆಟ್‌ಗೆ ಎತ್ತಿನ ಉಪವಾಸ

ಜಗತ್ತಿನಲ್ಲೇ ಉದ್ದವಾದ ರೈಲು ಪ್ಲಾಟ್‌ಫಾರ್ಮ್ ನಮ್ಮ ಹುಬ್ಬಳ್ಳಿಯದು ಎಂದು ಎಲ್ಲರಿಗೂ ಗೊತ್ತು. ಆದರೆ ಆ ಪ್ಲಾಟ್‌ಫಾರ್ಮನ್ನು ಈ ತುದಿಯಿಂದ ಆ ತುದಿಗೆ ಮೂರೇ ಜಿಗಿತದಲ್ಲಿ ದಾಟಿ, ನಾಲ್ಕನೆಯ ಜಿಗಿತಕ್ಕೆ ಧಾರವಾಡದಲ್ಲಿ ಇಳಿದು, ಅಲ್ಲೊಂದು ಪೇಡೆ ಮೂಸಿ ನೋಡಿ, ಚಹಾ ಕಾಯಿಸುವ ಹೊತ್ತಿಗೆ ಹುಬ್ಬಳ್ಳಿಯ ಬೆಂಗೇರಿ ಬಡಾವಣೆಗೆ ವಾಪಸು ಬಂದ ಪ್ರಾಣಿ ಇಡೀ ಭೂಮಂಡಲದಲ್ಲಿ ಒಂದೇ ಒಂದು. ಅದರ ಹೆಸರು ಸರದಾರ. ಅದೊಂದು ಫೆರೆಟ್. ನೋಡಲು ಮುಂಗುಸಿಯ ದೂರದ ತಮ್ಮನಂತೆ. ಉದ್ದ ಮೈ, ಗಿಡ್ಡ ಕಾಲು, ಕಣ್ಣ ಸುತ್ತ ಕಳ್ಳನ ಪಟ್ಟಿ. ತೂಕ ಒಂದು ಸೋರೆಕಾಯಿಯಷ್ಟು, ಸೊಕ್ಕು ಒಂದು ಆನೆಯಷ್ಟು.

ಈ ಸರದಾರನ ಸಂಸ್ಥಾನ ಬೆಂಗೇರಿಯ ರೇಣವ್ವನ ಮನೆ. ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಮಗ ದುರ್ಗೇಶ, ಸಾಕಲಾಗದ ಗೆಳೆಯನೊಬ್ಬನಿಂದ ಅದನ್ನು ತಂದಿದ್ದ. ಮೊದಲ ದಿನ ರೇಣವ್ವ, "ಇರೂ ಹೆಗ್ಗಣ ಸಾಲವಲ್ಲವು ಅಂತ ಇದೊಂದ ಬ್ಯಾರೆ ತಂದಿ?" ಎಂದು ಬೈದಿದ್ದಳು. ವಾರ ಕಳೆಯುವುದರೊಳಗೆ ಮಧ್ಯಾಹ್ನದ ನಿದ್ದೆಗೆ ಅವಳ ಸೆರಗೇ ಸರದಾರನ ಹಾಸಿಗೆಯಾಯಿತು. ಅವನಿಗೆ ಎಚ್ಚರವಾದೀತು ಎಂದು ಅವಳು ಕಾಲು ಜೋಮು ಹಿಡಿದರೂ ಅಲುಗಾಡುತ್ತಿರಲಿಲ್ಲ. ಬೆಕ್ಕಿನ ಮರಿಗೆಂದು ಬರುವ ಪಾಕೀಟಿನ ಒಣ ಕಾಳು ಅವನ ಊಟ. ಅವನು ಕರಕರ ಕಡಿಯುವ ಸದ್ದಿಗೆ ಊರಾಚೆಯ ಶಿರಗುಪ್ಪಿಯವರೆಗಿನ ನಾಯಿಗಳೆಲ್ಲ ಬೊಗಳುತ್ತಿದ್ದವು.

ಎಲ್ಲ ಸುಖವಾಗಿಯೇ ಇತ್ತು. ಒಂದು ದಿನ ಬೆಳಿಗ್ಗೆ ದುರ್ಗೇಶ ಫೋನಿನಲ್ಲಿ ಏನೋ ನೋಡಿ ಬಂದ.

"ಅವ್ವಾ, ಇವತ್ತಿಂದ ಸರದಾರಗ ಪಾಕೀಟಿನ ಕಾಳು ಬಂದ್. ಹಸೀ ಮಾಂಸಾ ಹಾಕೂದು."

"ಯಾಕಪಾ, ಕಾಳು ಏನ ಮಾಡ್ಯಾವ?"

"ಫೆರೆಟ್ ಅಂದ್ರ ಬರೇ ಮಾಂಸಾ ತಿನ್ನೂ ಪ್ರಾಣಿ. ಅಡವ್ಯಾಗ ಯಾವ ಫೆರೆಟ್ ಪಾಕೀಟು ಹರೀತೈತಿ, ನೀನ ಹೇಳು."

"ಅಡವ್ಯಾಗ ಯಾವ ಫೆರೆಟ್ ನನ್ನ ಸೆರಗಿನ್ಯಾಗ ಮಕ್ಕೋತೈತಿ, ನೀನ ಹೇಳು."

ದುರ್ಗೇಶ ಎದ್ದ. ಪಾಕೀಟನ್ನು ಒಯ್ದು ಬೀದಿ ಬೆಕ್ಕುಗಳಿಗೆ ಸುರಿದ. ಕೋಳಿಯ ಎದೆ ಮಾಂಸವನ್ನು ಕತ್ತರಿಸಿ ಸರದಾರನ ತಾಟಿಗೆ ಹಾಕಿದ. ಸರದಾರ ಮೂಸಿದ. ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಬಾಗಿಲ ಕಾಲೊರಸನ್ನು ಎಳೆದು ತಂದು ಆ ಮಾಂಸದ ಮೇಲೆ ಮುಚ್ಚಿ, ಸತ್ತವರಿಗೆ ಮಣ್ಣು ಕೊಟ್ಟವನ ಹಾಗೆ ಗಂಭೀರವಾಗಿ ನಡೆದುಹೋದ.

ಅಲ್ಲಿಂದ ರೇಣವ್ವನ ತಲೆ ಗಿರಣಿಯಾಯಿತು. ದುರ್ಗೇಶನ ಫೋನಿನಲ್ಲಿ ಒಬ್ಬ ಕೋಳಿ ಹಾಕಿ ಎನ್ನುತ್ತಿದ್ದ, ಇನ್ನೊಬ್ಬ ಕೋಳಿ ಒಂದೇ ಹಾಕಿದರೆ ಕೆಟ್ಟೀತು ಎನ್ನುತ್ತಿದ್ದ. ಮತ್ತೊಬ್ಬಳು ಇಡಿಯ ಇಲಿಯನ್ನೇ ಕೊಡಿ ಎನ್ನುತ್ತಿದ್ದಳು. ನಾಲ್ಕನೆಯವನು ಕಾಳಿನಷ್ಟು ಉತ್ತಮ ಯಾವುದೂ ಇಲ್ಲ ಎಂದು ಆಣೆ ಇಡುತ್ತಿದ್ದ. ಪಕ್ಕದ ಮನೆಯ ಕಸ್ತೂರೆವ್ವ ಕಟ್ಟೆಯ ಮೇಲೆ ಕೂತು, "ನಾ ಹೇಳ್ತೇನಿ ಕೇಳು, ಹಾಲು ಅನ್ನ ಕಲಸಿ ಹಾಕು. ನಮ್ಮ ಮೊಮ್ಮಗಾ ಅದರ ಮ್ಯಾಲೇ ಇಷ್ಟೆತ್ತರ ಆಗ್ಯಾನ" ಎಂದಳು.

"ನಿನ್ನ ಮೊಮ್ಮಗಾ ಮನಿಶ್ಯಾ ಅಲ್ಲೇನ ಕಸ್ತೂರಿ," ಎಂದಳು ರೇಣವ್ವ. ಹಾಗೆಂದಳೇ ಹೊರತು, ಹಾಲು ಕಾಯಿಸಲೋ ಬೇಡವೋ ಎಂಬುದು ಅವಳಿಗೇ ತಿಳಿಯಲಿಲ್ಲ.

ಕೊನೆಗೆ ತೀರ್ಪು ಕೊಟ್ಟವನು ಗಂಡ ಹೊಳೆಯಪ್ಪ. ತನ್ನೂರು ಶಿರಗುಪ್ಪಿಯ ಹೊಲವನ್ನು ತಮ್ಮನಿಗೆ ಒಪ್ಪಿಸಿ ಬಂದು ಬೆಂಗೇರಿಯಲ್ಲಿ ದನದ ಹಿಂಡಿ ಅಂಗಡಿ ಇಟ್ಟವನು. ದನದ ವಿಷಯದಲ್ಲಿ ಅವನ ಮಾತಿಗೆ ಎದುರಿಲ್ಲ. ಅವನು ಕಿವಿಯಲ್ಲಿ ಒಂದು ಮಾತು ಹೇಳಿದರೆ ಎತ್ತು ತಾನೇ ನೊಗ ಹೊತ್ತುಕೊಂಡು ಹೊಲಕ್ಕೆ ಹೋಗಿ, ಬಿತ್ತನೆ ಮುಗಿಸಿ, ರಶೀದಿ ತರುತ್ತಿತ್ತು.

"ಇದರಾಗ ತಲಿ ಕೆಡಿಸ್ಕೊಳ್ಳೂದ ಏನೈತಿ?" ಎಂದ ಹೊಳೆಯಪ್ಪ. "ಸಂತ್ಯಾಗಿಂದ ತಂದ ಎತ್ತು ಮೊದಲ ನಮ್ಮ ಕಣಿಕಿ ಮೂಸಂಗಿಲ್ಲ. ಏನ ಮಾಡ್ತೇವಿ? ಮೇವು ಹಾಕೂ ಗ್ವಾದ್ಲಿ ಖಾಲಿ ಬಿಡ್ತೇವಿ. ಹಸಿವ್ಯಾದ ಮ್ಯಾಲೆ ಕಣಿಕಿ ಅಲ್ಲ, ಕಟ್ಟಿದ ಹಗ್ಗಾನೂ ತಿಂತೈತಿ. ಇದಕ್ಕೂ ಅಷ್ಟ. ಉಪಾಸ ಕೆಡವ್ರಿ, ತಾನ ದಾರಿಗೆ ಬರ್ತೈತಿ."

"ಇದು ಎತ್ತಲ್ರಿ," ಎಂದಳು ರೇಣವ್ವ.

"ಹೊಟ್ಟಿ ಎಲ್ಲಾರದೂ ಒಂದ."

ರೇಣವ್ವ ಒಂದು ಹಿಡಿ ಕಾಳನ್ನು ಡಬ್ಬಿಯಲ್ಲಿ ಅಡಗಿಸಿ ಇಟ್ಟಿದ್ದಳು. ಅಂದು ಸಂಜೆ ಸರದಾರ ಬಂದು ಅವಳ ಪಾದ ಕೆರೆದ. ಡಬ್ಬಿ ಇದ್ದ ಗೂಡಿನ ಕೆಳಗೆ ಹಿಂಗಾಲ ಮೇಲೆ ನಿಂತು ಮೇಲೆ ನೋಡಿದ. ಅವಳು ಮುಚ್ಚಳ ತೆರೆದಳು. ಹೊಳೆಯಪ್ಪ ಕುರ್ಚಿಯಿಂದಲೇ, "ಮನಸ ಸಡ್ಲ ಮಾಡಬ್ಯಾಡ. ಈಗ ಹಾಕಿದಿ ಅಂದ್ರ ಅದ ಗೆದ್ದಂಗ" ಎಂದ. ಮಗ ಕಲಿತವನು, ಗಂಡ ಪ್ರಾಣಿ ಬಲ್ಲವನು. ತನಗೇನು ಗೊತ್ತು ಎಂದುಕೊಂಡು ಅವಳು ಮುಚ್ಚಳ ಹಾಕಿದಳು. ಕೈ ಮಾತ್ರ ಬಹಳ ಹೊತ್ತು ಡಬ್ಬಿಯ ಮೇಲೇ ಇತ್ತು.

ಮರುದಿನ ಬೆಳಿಗ್ಗೆಯೂ ಮಾಂಸ ಹಾಗೇ ಇತ್ತು. ಮಧ್ಯಾಹ್ನ ರೇಣವ್ವ ಚಾಪೆ ಹಾಸಿ ಕರೆದಳು. ಸರದಾರ ಬರಲಿಲ್ಲ. ಮಂಚದ ಕೆಳಗೆ ನೋಡಿದರೆ ಮಲಗಿದ್ದ. ಎಳೆದು ತೆಗೆದರೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದ. ಕಣ್ಣುಗಳು ತೆರೆದಿದ್ದವು, ಆದರೆ ಅವಳನ್ನು ನೋಡುತ್ತಿರಲಿಲ್ಲ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ನೆಲಕ್ಕೆ ಬಿಟ್ಟರೆ ಹಿಂಗಾಲು ಎಳೆದುಕೊಂಡು ಎರಡು ಗೇಣು ಹೋಗಿ ಮತ್ತೆ ಬಿದ್ದ. ಇಲ್ಲಿ ಉಬ್ಬಿಸಿ ಹೇಳುವುದು ಏನೂ ಇಲ್ಲ.

ದುರ್ಗೇಶ ಹತ್ತಿರದ ಗೋಪನಕೊಪ್ಪದ ಪ್ರಾಣಿ ವೈದ್ಯೆ ಸುರಭಿ ಅವರಿಗೆ ಫೋನು ಹಚ್ಚಿದ. ಧಾರವಾಡದ ಮಾತಿನ ಮೆತ್ತನೆಯ ದನಿ ಕೇಳಿಸಿತು.

"ಎಷ್ಟೊತ್ತಿನಿಂದ ಏನೂ ತಿಂದಿಲ್ಲ?"

"ನಿನ್ನಿ ಮುಂಜಾನಿಯಿಂದರಿ."

"ಮನ್ಯಾಗ ಜೇನುತುಪ್ಪ ಅದ? ಬೆರಳಿಗೆ ಒಂಚೂರು ಹಚ್ಚಿ ವಸಡಿಗೆ ಸವರ್ರಿ. ಬಾಯಾಗ ಸುರೀಬ್ಯಾಡ್ರಿ, ಉಸಿರಿಗೆ ಸಿಕ್ಕೀತು. ಕಡಿದೀತು, ಜ್ವಾಕಿ. ಸವರಿ ಲಗೂನ ಇಲ್ಲಿಗೆ ಕರಕೊಂಡ ಬರ್ರಿ. ಅದಕ್ಕ ಚೇತರಿಕಿ ಬಂದ್ರೂ ಬರ್ರಿ."

ಹೊಳೆಯಪ್ಪ ಅಂಗಡಿಯ ಬಾಗಿಲು ತೆರೆದಿಟ್ಟೇ ಗಾಡಿ ತೆಗೆದ. ರೇಣವ್ವ ಸರದಾರನ ವಸಡಿಗೆ ಜೇನು ಸವರಿ, ಹಿಂದೆ ಕೂತು ಅವನನ್ನು ಸೆರಗಿನಲ್ಲಿ ಸುತ್ತಿಕೊಂಡಳು. ದಾರಿಯುದ್ದಕ್ಕೂ ಅವಳು ದೇವರನ್ನು ಕರೆಯಲಿಲ್ಲ, ಗಂಡನನ್ನು ಬೈಯಲಿಲ್ಲ. "ಒಂದ ಹಿಡಿ ಇತ್ತು, ಒಂದ ಹಿಡಿ ಇತ್ತು" ಎಂದಷ್ಟೇ ಅನ್ನುತ್ತಿದ್ದಳು.

ಸುರಭಿ ಅವರು ರಕ್ತ ನೋಡಿದರು, ಸಕ್ಕರೆ ಪೂರಾ ಇಳಿದಿತ್ತು. ಗ್ಲೂಕೋಸ್ ಸಲಾಯಿನ್ ಹಚ್ಚಿದರು. ತಾಸೊಂದು ಕಳೆದ ಮೇಲೆ ಸರದಾರ ಕಣ್ಣು ಪಿಳುಕಿಸಿ, ರೇಣವ್ವನ ಬಳೆಯನ್ನು ಮೆಲ್ಲಗೆ ಕಚ್ಚಿದ. ಆಗ ಅವಳು ಅತ್ತಳು.

"ಡಾಕ್ಟರ್, ತಪ್ಪು ನಂದರಿ," ಎಂದ ಹೊಳೆಯಪ್ಪ. "ಎತ್ತಿಗೆ ಮಾಡಿದಂಗ ಮಾಡಿದ್ನಿ."

"ಎತ್ತಿನ ಹೊಟ್ಟಿ ಅಂದ್ರ ನಿಮ್ಮೂರ ಜ್ವಾಳಾ ತುಂಬಿಡೂ ಹಗೇವು ಇದ್ದಂಗ ಕಾಕಾ. ತುಂಬಿಟ್ಟಿದ್ದು ಬಹಳ ದಿನಾ ಬರ್ತದ. ಫೆರೆಟ್ ಹೊಟ್ಟಿ ಹಂಗಲ್ಲ, ಬರೇ ಒಂದ ಕೊಳವಿ. ತಿಂದದ್ದು ಮೂರ್ನಾಕ ತಾಸಿನ್ಯಾಗ ಆಚೆ. ಅದಕ್ಕ ದಿನಾ ಸಣ್ಣ ಸಣ್ಣದು ಎಷ್ಟೋ ಸಲ ತಿನ್ನಬೇಕು. ಉಪಾಸ ಕೆಡವಿದ್ರ ದಾರಿಗೆ ಬರಂಗಿಲ್ಲ, ಕೈ ಬಿಟ್ಟು ಹೋಗ್ತದ."

"ಅಷ್ಟ ಹಸಿವ್ಯಾಗಿತ್ತಂದ್ರ ಮುಂದಿರೂ ಮಾಂಸಾನರ ತಿನಬಾರದೇನ್ರಿ?" ರೇಣವ್ವನಿಗೆ ಇದೊಂದು ಬಗೆಹರಿದಿರಲಿಲ್ಲ.

"ಅದು ಊಟಾ ಅಂತ ಅದಕ್ಕ ಗೊತ್ತ ಆಗಿಲ್ಲ. ಎಳೇದಿದ್ದಾಗ ಏನ ತಿಂದಿರ್ತದ, ಅದರ ವಾಸನಿ ಒಂದ ಊಟಾ ಅಂತ ಅದರ ತಲ್ಯಾಗ ಕೂತಿರ್ತದ."

ಹಿಂದೆಯೇ ಬಂದಿದ್ದ ದುರ್ಗೇಶ ತಲೆ ತಗ್ಗಿಸಿ ಕೇಳಿದ. "ಹಂಗಾರ ಹಸೀ ಮಾಂಸ ಹಾಕೂದ ತಪ್ಪೇನ್ರಿ?"

"ತಪ್ಪಲ್ಲ. ಛಲೋ ಮಾಂಸದ ಕಾಳು ಹಾಕೂದೂ ತಪ್ಪಲ್ಲ. ನೀವು ಬದಲ ಮಾಡಿದ ರೀತಿ ತಪ್ಪು. ಹಳೇ ಕಾಳು ಮುಂದ ಇರ್ಲಿ. ಸ್ವಲ್ಪ ಕಾಳು ಬಿಸಿನೀರಾಗ ನೆನಸಿ, ಅದಕ್ಕ ಅರದ ಮಾಂಸ ಒಂದ ಚಿಟಿಕಿ ಬೆರಸ್ರಿ. ಅದು ರೂಢಿ ಆದಮ್ಯಾಲೆ ಇನ್ನೊಂದ ಚಿಟಿಕಿ. ಭೇದಿ ಆತು ಅಂದ್ರ ಒಂದ ಹೆಜ್ಜಿ ಹಿಂದ ಬರ್ರಿ. ಮತ್ತ, ಬರೇ ಎದಿ ಮಾಂಸ ಸಾಲಂಗಿಲ್ಲ. ಗುಂಡಿಗಿ, ಸ್ವಲ್ಪ ಕಾರ್ಜ ಅಂದ್ರ ಲಿವರು, ಮೆತ್ತನ್ನ ಹಸೀ ಎಲುಬು, ಎಲ್ಲಾ ಲೆಕ್ಕದಾಗ ಬೇಕು. ಆ ಲೆಕ್ಕಾ ನಾ ಕೂತು ಹೇಳ್ತೀನಿ, ಫೋನಿನ್ಯಾಗ ನೋಡಿದ್ದು ಬ್ಯಾಡ. ಬೇಯಿಸಿದ ಎಲುಬು ಮಾತ್ರ ಯಾವತ್ತೂ ಹಾಕಬ್ಯಾಡ್ರಿ, ಚೂಪಾಗಿ ಮುರೀತದ, ಕರಳಿಗೆ ಚುಚ್ತದ."

"ಹಾಲು ಅನ್ನಾರಿ?" ಎಂದಳು ರೇಣವ್ವ.

"ಬ್ಯಾಡ್ರಿ. ಉಪ್ಪು ಖಾರಾ, ಉಳ್ಳಾಗಡ್ಡಿ, ಬಳ್ಳೊಳ್ಳಿನೂ ಬ್ಯಾಡ. ಹಸೀ ಮಾಂಸಕ್ಕ ಬ್ಯಾರೆ ಚಾಕು, ಬ್ಯಾರೆ ಹಲಗಿ. ಮುಟ್ಟಿದ ಮ್ಯಾಲೆ ಸಾಬೂನು ಹಚ್ಚಿ ಕೈ ತೊಳೀರಿ. ತಿಂದು ಉಳಿದದ್ದು ತಾಟಿನ್ಯಾಗ ಬಿಡಬ್ಯಾಡ್ರಿ. ಅದರಾಗಿನ ರೋಗದ ಹುಳಾ ನಮ್ಮ ಹೊಟ್ಟಿಗೂ ಬರ್ತಾವ."

ಹೊಳೆಯಪ್ಪ ನಿಟ್ಟುಸಿರು ಬಿಟ್ಟ. "ಇಷ್ಟ ಉಪಚಾರಾ? ಇದು ಪ್ರಾಣಿನೋ, ಅಳಿಯಾನೋ?"

"ಅಳಿಯಾ ಆಗಿದ್ರ ಸಿಟ್ಟ ಮಾಡ್ಕೊಂಡ ಮನೀಗೆ ಹೋಗ್ತಿದ್ದಾ ಕಾಕಾ. ಇದು ಸತ್ತ ಹೋಗ್ತದ."

ಹೊಳೆಯಪ್ಪ ಹೊಸ ಚಾಕು, ಹಲಗೆಯನ್ನು ಅಂದೇ ತಾನೇ ಕೊಂಡುತಂದ.

ಮುಂದಿನದನ್ನು ಹೇಳಿದರೆ ನೀವು ಬೆರಗಾಗುತ್ತೀರಿ. ಮನೆಗೆ ಬಂದ ಸಂಜೆಯೇ ಸರದಾರ ಆ ಒಂದು ಚಿಟಿಕೆ ಮಾಂಸದ ರುಚಿ ಹಿಡಿದ. ಮರುದಿನ ಹಿಡಿಯಷ್ಟು ತಿಂದ. ಅದರ ಮರುದಿನ ಪಾಕೀಟಿನ ಕಡೆ ತಿರುಗಿಯೂ ನೋಡದೆ, ತಾಟಿನ ತುಂಬ ಹಸಿ ಮಾಂಸ ಮುಗಿಸಿ, ಹುಲಿಯಾಗಿ ಗರ್ಜಿಸಿ—

ಇಲ್ಲಿಗೆ ಕಥೆ ನಿಂತಿತು. ಅಚ್ಚಿಗೆ ಕಳಿಸುವ ಮುಂಚೆ ಇದನ್ನು ರೇಣವ್ವನ ಮುಂದೆ ಓದಲಾಗುತ್ತಿತ್ತು. ಇಷ್ಟು ಹೊತ್ತು ನಗುತ್ತಿದ್ದ ಅವಳು ಕೈ ಎತ್ತಿದಳು.

"ಏ ತಮ್ಮಾ, ಜಿಗಿದದ್ದು ಹಾರಿದ್ದು ಎಷ್ಟರ ಬರಕೋ, ನಕ್ಕ ಬಿಡ್ತಾರ. ಮೂರ ದಿನದಾಗ ಬದಲ ಆತು ಅಂತ ಬರದ್ರ ಓದಿದವರು ಖರೇ ಅಂತಾರ. ಹಂಗ ಮಾಡಾಕ ಹೋಗಿ ಅವರ ಮನ್ಯಾಗಿಂದು ಮಂಚದ ಕೆಳಗ ಮಕ್ಕೊಂಡ್ರ ನೀ ಬಂದ ಎತ್ತತೀಯೇನ?"

ಕಥೆ ಹೇಳುವವನು ಸಿಕ್ಕಿಬಿದ್ದ. ಆದ್ದರಿಂದ ನಿಜ ಹೀಗಿದೆ. ಮೊದಲ ಚಿಟಿಕೆಯನ್ನು ಸರದಾರ ಬಿಟ್ಟು ಸುತ್ತಲಿನ ಕಾಳನ್ನಷ್ಟೇ ತಿಂದ. ವಾರಗಟ್ಟಲೆ ಹಾಗೇ ನಡೆಯಿತು. ನಡುವೆ ಭೇದಿಯಾಗಿ, ಶುರು ಮಾಡಿದಲ್ಲಿಗೇ ಮರಳಬೇಕಾಯಿತು. ಈಗ ತಿಂಗಳುಗಳೇ ಕಳೆದಿವೆ, ಅವನ ಊಟದಲ್ಲಿ ಇನ್ನೂ ಅರ್ಧ ಕಾಳು. ಸೋಮವಾರ ರೇಣವ್ವನ ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲ, ಅಂದು ಪೂರಾ ಕಾಳೇ. ಕೇಳಿದ್ದಕ್ಕೆ ಸುರಭಿ ಅವರು, "ಇರ್ಲಿ ಬಿಡ್ರಿ, ಎರಡೂ ತಿನ್ನೂದು ಗೊತ್ತಿದ್ರ ಅದಕ್ಕ ಛಲೋನ" ಎಂದಿದ್ದಾರೆ. ಅವನು ಹುಲಿಯಾಗಲಿಲ್ಲ. ಮೈ ತುಂಬಿಕೊಂಡಿದ್ದಾನೆ, ಅಷ್ಟೇ.

ಫೆರೆಟ್ ಸಾಕಿದವರೇ, ಅದರ ಊಟ ಬದಲಿಸುವ ಮುನ್ನ ಪ್ರಾಣಿ ವೈದ್ಯರನ್ನು ಕೇಳಿ. ಹೊಸದನ್ನು ಚೂರುಚೂರೇ ಬೆರೆಸಿ, ಹಳೆಯದನ್ನು ಒಮ್ಮೆಲೇ ಕಿತ್ತುಕೊಳ್ಳಬೇಡಿ. ಹಸಿವಿನಿಂದ ಪಾಠ ಕಲಿಸಲು ಹೋಗಬೇಡಿ. ನಿತ್ರಾಣವಾಗಿ ಬಿದ್ದರೆ ನಾಳೆಗೆ ಕಾಯಬೇಡಿ. ಗೊಂದಲವಾದರೆ, ಆಗಿಯೇ ಆಗುತ್ತದೆ, ಅದು ದಿನವೂ ತಿನ್ನುವುದನ್ನೇ ಮುಂದಿಟ್ಟು ಆಮೇಲೆ ಬಲ್ಲವರನ್ನು ಕೇಳಿ. ಈ ಕಥೆಯಲ್ಲಿ ಉಬ್ಬಿಸಿದ್ದು ಬಹಳ ಉಂಟು, ಒಪ್ಪಿದೆವು. ಆ ಮಧ್ಯಾಹ್ನ ರೇಣವ್ವನ ಸೆರಗಿನಲ್ಲಿ ಜೋತುಬಿದ್ದ ಜೀವ ಮಾತ್ರ ಉಬ್ಬಿಸಿದ್ದಲ್ಲ.