‘ರೀ’ ಆದಮೇಲಿನ ಮಾತು

ಚಳಿ ಹಿಂದೆ ಸರಿದು ಹುಲ್ಲು ಚಿಗುರುವ ದಿನಗಳು. ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತು ಮೈ ಜಡವಾದ ದನಗಳನ್ನು ಬಯಲಿಗೆ ಬಿಡುವ ಮುಂಚೆ ಕಾಲುಬಾಯಿ ರೋಗದ ಚುಚ್ಚುಮದ್ದು ಹಾಕಿ ಮುಗಿಸಬೇಕು. ಬೆಳಗಿನ ಆರಕ್ಕೇ ಕೆಲಸ ಶುರುವಾಗಿತ್ತು. ಒಂದೇ ದನ ಹಿಡಿಸುವಷ್ಟು ಇಕ್ಕಟ್ಟಾದ ಮರದ ಓಣಿ. ಆ ತುದಿಯಿಂದ ದನದವರು ಅಟ್ಟುತ್ತಿದ್ದರು. ಈ ತುದಿಯಲ್ಲಿ ಅವನು ಒಂದೊಂದರ ಕುತ್ತಿಗೆ ತಡವಿ, ಚರ್ಮ ಎತ್ತಿ ಹಿಡಿದು, ಸೂಜಿ ಹಾಕಿ, ಬೆನ್ನಿಗೊಂದು ನೀಲಿ ಗೀಟು ಎಳೆದು ಮುಂದಕ್ಕೆ ಬಿಡುತ್ತಿದ್ದ. ಯಾವುದು ಒದೆಯುತ್ತದೆ, ಯಾವುದು ಸುಮ್ಮನೆ ನಿಲ್ಲುತ್ತದೆ ಎಂಬುದು ಕಿವಿ ನೋಡಿದರೇ ಅವನಿಗೆ ತಿಳಿಯುತ್ತಿತ್ತು. ಒಂದು ಕಂದು ಹಸು ಮೆಲುಕು ಹಾಕುತ್ತಿಲ್ಲವೆಂದು ಅದನ್ನು ಬೇರೆಯಾಗಿ ಕಟ್ಟಿಸಿದ್ದ.

ಅವನು ದನದಾಸ್ಪತ್ರೆಯ ಕಾಂಪೌಂಡರ್. ಎರಡು ವರ್ಷದ ಸೇವೆಗೆಂದು ಸರ್ಕಾರ ಈ ಪರದೇಶಕ್ಕೆ ಕಳಿಸಿದ್ದ ತಂಡದಲ್ಲಿ ಅವನ ಮಾತು ಬಲ್ಲವರು ಇನ್ನೊಬ್ಬರೇ, ತಂಡದ ದೊಡ್ಡ ಡಾಕ್ಟರು. ಎರಡೂವರೆ ಆಗುತ್ತಿದ್ದಂತೆ ಅವರು ಅವನ ಕೈಯಿಂದ ಸಿರಿಂಜು ಕಸಿದುಕೊಳ್ಳುತ್ತಿದ್ದರು. ಉಳಿದದ್ದನ್ನು ತಾನು ಚುಚ್ಚುತ್ತೇನೆ, ಕುರ್ಚಿಯಲ್ಲಿ ಕೂತು ಕೂತು ತನ್ನ ಹೊಟ್ಟೆಯೂ ಬೆಳೆದಿದೆ, ಇವನು ಹೊರಡಲಿ ಎನ್ನುತ್ತಿದ್ದರು. ಮೂರು ಗಂಟೆಗೆ ಅವನು ಹೆಂಡತಿಯ ಹತ್ತಿರ ಇರಬೇಕಾಗಿತ್ತು.

ಹೆಂಡತಿಗೆ ತವರಿನಲ್ಲಿ ಮಾತಿನಮಲ್ಲಿ ಎಂದೇ ಹೆಸರು. ಇವಳು ಉಸಿರು ಎಳೆದುಕೊಳ್ಳುವುದು ಯಾವಾಗ ಎಂದು ಅವಳಪ್ಪ ತಮಾಷೆ ಮಾಡುತ್ತಿದ್ದರಂತೆ. ಗಂಡನ ಹಿಂದೆ ಇಲ್ಲಿಗೆ ಬಂದಮೇಲೆ ಎರಡು ಕೋಣೆಯ ಮನೆ, ಅಕ್ಕಪಕ್ಕದಲ್ಲಿ ಅವಳ ಮಾತು ತಿಳಿಯುವವರು ಒಬ್ಬರೂ ಇಲ್ಲ. ಊರಿನಲ್ಲಿದ್ದ ತಂಗಿಗೆ ಫೋನ್ ಮಾಡುತ್ತಿದ್ದಳು. ಮಿಕ್ಕ ಮಾತೆಲ್ಲ ಅವನಿಗೆಂದು ಕೂಡಿಟ್ಟಿರುತ್ತಿದ್ದಳು. ಅವನು ಬೂಟು ಬಿಚ್ಚುವ ಮುಂಚೆಯೇ ‘ರೀ’ ಎಂದು ಶುರುವಾಗುತ್ತಿತ್ತು. ಅವನು ದಣಿದು ಬಂದಿರುತ್ತಿದ್ದ. ಹ್ಞೂಂ ಎನ್ನುತ್ತಿದ್ದ. ಸಂಸಾರ ಅಂದರೆ ಹಾಗೇ ತಾನೆ.

ಒಂದು ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಬಿದ್ದಳು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಮಾತು ಪೂರ್ತಿ ಹೋಯಿತು.

ಈ ದೇಶದ ಭಾಷೆಯಲ್ಲಿ ಅವನಿಗೆ ಬರುತ್ತಿದ್ದದ್ದೆಲ್ಲ ದನದ ಮಾತು. ಕಲಿಸಿದವರೂ ದನದವರೇ. ಆಸ್ಪತ್ರೆಯ ಮೊದಲ ವಾರ ನರ್ಸಮ್ಮನನ್ನು ಹಿಡಿದು, ಇವತ್ತು ಮೇಯ್ದಳಾ, ಎದ್ದು ನಿಂತಳಾ, ಸಗಣಿ ಸರಿಯಾಗಿ ಹಾಕಿದಳಾ ಎಂದು ಕೇಳಿದ್ದ. ಉಣ್ಣುವುದಕ್ಕೆ ಬೇರೆ ಪದವಿದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಹೋದಳು. ದೊಡ್ಡ ಡಾಕ್ಟರಿಗೆ ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆಮೇಲೆ ಅವನ ಹೆಗಲ ಮೇಲೆ ಕೈ ಇಟ್ಟಿದ್ದರು.

ತಿಂಗಳಾದ ಮೇಲೆ ಅವಳನ್ನು ಊರಾಚೆಯ ಒಂದು ಆರೈಕೆ ಮನೆಗೆ ಕಳಿಸಿದರು. ಅಲ್ಲಿ ಮಾತು ಕಲಿಸುವ ಟೀಚರೊಬ್ಬಳು ಇದ್ದಳು. ನಿಯಮ ಮೊದಲೇ ಹೇಳಿದ್ದರು: ಹನ್ನೆರಡು ವಾರದಲ್ಲಿ ಒಂದಾದರೂ ಮಾತು ಮರಳಿದರೆ ಇನ್ನೂ ಹನ್ನೆರಡು ವಾರ ಕಲಿಸುತ್ತಾರೆ, ಇಲ್ಲವಾದರೆ ಮಂಚ ಬಿಟ್ಟುಕೊಡಬೇಕು. ಟೀಚರು ಎದುರಿಗೆ ಕೂತು ಚಿತ್ರದ ಕಾರ್ಡು ಎತ್ತಿ ಹಿಡಿಯುತ್ತಿದ್ದಳು. ಲೋಟ. ಚಮಚ. ಮರ. ಹೆಂಡತಿ ಕಾರ್ಡು ನೋಡುತ್ತಿದ್ದಳು, ಪಕ್ಕದಲ್ಲಿ ಕೂತ ಗಂಡನ ಕಡೆ ಕತ್ತು ತಿರುಗಿಸುತ್ತಿದ್ದಳು, ‘ರೀ’ ಎನ್ನುತ್ತಿದ್ದಳು. ಅದಾದಮೇಲೆ ತುಟಿ ಅಲ್ಲಾಡುತ್ತಿತ್ತು, ಏನೂ ಬರುತ್ತಿರಲಿಲ್ಲ. ಲೋಟಕ್ಕೂ ಅದೇ, ಮರಕ್ಕೂ ಅದೇ. ಟೀಚರು ಒಂದೊಂದಕ್ಕೂ ಅಡ್ಡಗೆರೆ ಎಳೆಯುತ್ತಿದ್ದಳು.

ಈ ‘ರೀ’ ಅಂದರೇನು ಎಂದು ಟೀಚರು ಒಮ್ಮೆ ಕೇಳಿದಳು. ಅವನು ಬಹಳ ಯೋಚಿಸಿದ. ಅದು ಹೆಸರಲ್ಲ, ಹೆಸರಿನ ಬದಲು ಕರೆಯುವುದು ಎಂದು ಹೇಳಬೇಕಿತ್ತು. ಅವನ ಹತ್ತಿರ ಇದ್ದ ಮಾತಿನಲ್ಲಿ ಅದಕ್ಕೆ ಸಮೀಪದ್ದು ಒಂದೇ: ಹಸು ಕರುವನ್ನು ಕರೆಯುವ ಕೂಗು. ಅದನ್ನೇ ಹೇಳಿದ. ಟೀಚರು ತಲೆಯಾಡಿಸಿ ಬರೆದುಕೊಂಡಳು. ತಿಳಿಯಿತಲ್ಲ ಎಂದು ಅವನಿಗೆ ಸಮಾಧಾನವಾಯಿತು.

ಹನ್ನೆರಡನೆಯ ವಾರ ಕೈಗೆ ಕಾಗದ ಬಂತು. ಓದಲು ಬಾರದೆ ಅದನ್ನು ದನದ ಓಣಿಯ ಹತ್ತಿರವೇ ದೊಡ್ಡ ಡಾಕ್ಟರಿಗೆ ಕೊಟ್ಟ. ಅವರು ಕನ್ನಡಕ ಹಾಕಿ ಎರಡು ಸಲ ಓದಿದರು.

“ಏನಂತ ಹೇಳಿದ್ದೆಯಯ್ಯಾ ಆ ಟೀಚರಿಗೆ?”

ಹೇಳಿದ.

“ಇಲ್ಲಿ ಬರೆದಿದಾರೆ ನೋಡು. ಮರಳಿದ ಮಾತು ಸೊನ್ನೆ. ದನದಂಥ ಒಂದು ಕೂಗು ಮಾತ್ರ ಇದೆ, ಅದಕ್ಕೆ ಅರ್ಥ ಇಲ್ಲ ಅಂತ ಗಂಡನೇ ಒಪ್ಪಿಕೊಂಡಿದಾನೆ ಅಂತ.”

ಅವನು ಕಾಗದ ವಾಪಸು ಇಸಿದುಕೊಂಡ. ಕೈಗೆ ಮೆತ್ತಿದ್ದ ನೀಲಿ ಬಣ್ಣ ಕಾಗದಕ್ಕೂ ಹತ್ತಿತು. ಡಾಕ್ಟರು ಅವತ್ತಿನ ಕೆಲಸ ನಿಲ್ಲಿಸಿ, ಬೂಟಿನ ಸಗಣಿ ಕೂಡ ಒರೆಸದೆ, ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಆರೈಕೆ ಮನೆಗೆ ಹೊರಟರು.

ಡಾಕ್ಟರಿಗೆ ಆ ಭಾಷೆ ಚೆನ್ನಾಗಿ ಬರುತ್ತಿತ್ತು. ಆದರೂ ‘ರೀ’ ಬಂದಲ್ಲಿ ಅವರೂ ತಡವರಿಸಿದರು. ಗೌರವದ್ದು ಎಂದರು, ಗಂಡನಿಗೆ ಅನ್ನುವುದು ಎಂದರು, ಅದರಲ್ಲೇ ಸಲುಗೆಯೂ ಇದೆ ಎಂದರು, ಕೊನೆಗೆ ಬೆವರು ಒರೆಸಿಕೊಂಡರು. ಟೀಚರು ಕೆಟ್ಟವಳಲ್ಲ. ಮಾತೆಂದಮೇಲೆ ಅದು ಒಂದನ್ನೋ ಒಬ್ಬರನ್ನೋ ಗುರುತಿಸಬೇಕು, ಎಲ್ಲ ಕಾರ್ಡಿಗೂ ಅದನ್ನೇ ಅಂದರೆ ತಾನು ಏನೆಂದು ಬರೆಯಲಿ ಎಂದಳು.

ಆಗ ಕಾಂಪೌಂಡರ್ ತನ್ನ ಹರುಕು ಭಾಷೆಯಲ್ಲೇ ಬಾಯಿಬಿಟ್ಟ. ಕಾರ್ಡು ನೋಡಬೇಡಿ, ಕತ್ತು ನೋಡಿ ಎಂದ. ಕತ್ತು ಯಾವ ಕಡೆ ತಿರುಗುತ್ತೆ ನೋಡಿ.

ಅವನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿದರು. ಕಾಲು ಗಂಟೆ ಅವನು ಗೋಡೆಗೆ ಒರಗಿ ನಿಂತಿದ್ದ. ಒಳಗೆ ಟೀಚರು ಕಾರ್ಡು ತೋರಿಸಿದಳಂತೆ, ಡಾಕ್ಟರು ಅವನ ಕುರ್ಚಿಯಲ್ಲೇ ಕೂತಿದ್ದರಂತೆ. ಹೆಂಡತಿ ಒಂದು ಸಲ ಡಾಕ್ಟರನ್ನು ನೋಡಿ, ಬಾಗಿಲು ನೋಡಿ, ತುಟಿ ಬಿಗಿದು ಕೂತಳಂತೆ. ಒಂದು ಸದ್ದೂ ಇಲ್ಲ. ಆಮೇಲೆ ಬಾಗಿಲು ತೆಗೆದರು. ಅವನು ಹೊಸ್ತಿಲು ದಾಟುವ ಮುಂಚೆಯೇ ಅವಳು ಅಂದಳು:

“ರೀ.”

ಟೀಚರು ಹಳೆಯ ಕಾಗದ ಹರಿದಳು. ಹೊಸದರಲ್ಲಿ ‘ಮಾತು: ಒಂದು’ ಎಂದು ಬರೆದಳು. ಹೀಗೆ ಇನ್ನೂ ಹನ್ನೆರಡು ವಾರ ಸಿಕ್ಕಿತು. ಡಾಕ್ಟರು ಅವನ ಬೆನ್ನಿಗೊಂದು ಗುದ್ದು ಕೊಟ್ಟರು.

ಹೊರಡುವಾಗ ಟೀಚರು ಅವನ ಕೈಗೆ ಹತ್ತು ಗೆರೆ ಎಳೆದ ಹಾಳೆ ಕೊಟ್ಟಳು. ‘ರೀ’ ಆದಮೇಲೆ ದಿನಾ ಹೆಂಡತಿ ಏನೇನು ಹೇಳುತ್ತಿದ್ದಳೋ ಅಂಥ ಹತ್ತು ಮಾತು ಬರೆದು ತರಬೇಕು, ನಾಲಿಗೆ ಹಳೇ ಜಾಡು ಹಿಡಿದೇ ಮುಂದೆ ಹೋಗುವುದು, ಅವನ್ನು ತಾನೂ ಕಲಿತು ಅವಳಿಂದ ಹೇಳಿಸುತ್ತೇನೆ ಎಂದಳು.

ಇದೇನು ಮಹಾ ಎಂದುಕೊಂಡ. ಮನೆಗೆ ಬಂದು ಬೂಟು ಬಿಚ್ಚಿ ಪೆನ್ನು ಹಿಡಿದು ಕೂತ. ‘ರೀ’ ಎಂದು ಬರೆದ. ಮುಂದೆ ಬರಲಿಲ್ಲ. ಅವಳ ದನಿ ಕೇಳುತ್ತಿತ್ತು, ಏರುವುದು, ಇಳಿಯುವುದು, ನಡುವೆ ನಗುವುದು. ಮಾತು ಮಾತ್ರ ಒಂದೂ ಕೇಳುತ್ತಿರಲಿಲ್ಲ. ಎಂಟು ತಿಂಗಳು, ದಿನಾ ಒಂದೆರಡು ಗಂಟೆ. ಕಂದು ಹಸುವಿನ ಮೆಲುಕು ಎಣಿಸುವವನಿಗೆ ಹೆಂಡತಿಯ ಒಂದು ವಾಕ್ಯವೂ ನೆನಪಿರಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಜೀಪಿನಲ್ಲಿ ಕೂತು ನಾದಿನಿಗೆ ಫೋನ್ ಮಾಡಿದ.

“ಹತ್ತು ಯಾಕೆ ಭಾವ, ನೂರು ಹೇಳ್ತೀನಿ, ಬರ್ಕೊಳ್ಳಿ,” ಎಂದಳು ಅವಳು. ಗಂಡನಿಗೆ ಹೇಳಿದ್ದನ್ನೆಲ್ಲ ಅಕ್ಕ ತನಗೂ ಹೇಳುತ್ತಿದ್ದಳು. ನಿಮ್ಮ ಭಾವ ಕೇಳಿಸಿಕೊಂಡರೋ ಇಲ್ಲವೋ, ನೀನಾದರೂ ಕೇಳು ಎನ್ನುತ್ತಿದ್ದಳು ಎಂದು ನಕ್ಕಳು.

ಅವನು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಾ ಹೋದ. ರೀ, ಪಕ್ಕದ ಮನೆಯೋಳು ಇವತ್ತು ನಕ್ಕಳು. ರೀ, ಈ ಊರಿನ ಕಾಗೆ ನಮ್ಮ ಕಾಗೆ ಥರ ಕೂಗಲ್ಲ. ರೀ, ಬೂಟು ಹೊರಗೆ ಬಿಡಿ, ಮನೆಯೆಲ್ಲಾ ಸಗಣಿ. ರೀ, ಯಾವಾಗ ಹೋಗೋಣ ಊರಿಗೆ? ರೀ, ನಿಮ್ಮ ದನಗಳಿಗಿಂತ ನಾನೇನು ಕಡಿಮೆಯಾ? ಹಾಗೇ ಒಂಬತ್ತಾದವು.

ಆಮೇಲೆ ನಾದಿನಿಯ ದನಿ ತಗ್ಗಿತು. “ಇನ್ನೊಂದಿದೆ ಭಾವ. ಬೀಳೋದಕ್ಕೆ ನಾಲ್ಕು ದಿನ ಮುಂಚೆ. ‘ರೀ, ಬಲಗೈ ಜೋಮು ಹಿಡಿದು ಲೋಟ ಜಾರಿಬಿತ್ತು’ ಅಂತ. ನಿಮಗೆ ಹೇಳಿದ್ಲಂತೆ. ಭಾವ ಏನಂದ್ರು ಅಂತ ನಾನೇ ಅವಳನ್ನ ಕೇಳ್ದೆ.”

“ಏನಂದೆನಂತೆ?”

“ಹ್ಞೂಂ ಅಂದ್ರಂತೆ.”

ಅವಳು ಚುಚ್ಚಲೆಂದು ಹೇಳಿದ್ದಲ್ಲ. ಅವನು ಫೋನ್ ಇಟ್ಟಮೇಲೂ ಜೀಪಿನಲ್ಲೇ ಕೂತಿದ್ದ. ಓಣಿಯಲ್ಲಿ ದನಗಳು ಸಾಲಾಗಿ ಕಾಯುತ್ತಿದ್ದವು. ಡಾಕ್ಟರು ಎರಡು ಸಲ ಕರೆದರು.

ಮೂರು ಗಂಟೆಗೆ ಹೋದಾಗ ಟೀಚರು ಇನ್ನೊಬ್ಬ ರೋಗಿಯ ಹತ್ತಿರ ಇದ್ದಳು. ಹೆಂಡತಿ ಕಿಟಕಿಯ ಬಳಿ ಕೂತಿದ್ದಳು, ಇವನನ್ನು ಕಂಡು ‘ರೀ’ ಎಂದಳು. ಅವನು ಕುರ್ಚಿ ಎಳೆದುಕೊಂಡು, ದಿನದಂತೆ ಅವಳ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಬೆರಳು ಒಂದೊಂದಾಗಿ ನೀವತೊಡಗಿದ. ಕಿರುಬೆರಳಿನವರೆಗೂ ನೀವಿದ.

“ಈ ಕೈನೇ ಅಲ್ವಾ? ಲೋಟ ಬಿತ್ತು ಅಂದಿದ್ದೆಯಂತೆ. ನಾನು ಹ್ಞೂಂ ಅಂದೆನಂತೆ.”

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎಡಗೈ ತಂದು, ಬಲಗೈಯ ಮಣಿಕಟ್ಟು ಹಿಡಿದು, ಅದನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು. ಕತ್ತು ಕಿಟಕಿಯ ಕಡೆ ತಿರುಗಿತು. ಅವನು ಕಾದ. ಅವಳು ‘ರೀ’ ಎನ್ನಲಿಲ್ಲ.

ಟೀಚರು ಬಂದು ಹಾಳೆ ತೆಗೆದುಕೊಂಡಳು. ಅವನು ಒಂದೊಂದೇ ಓದಿದ; ಅವಳು ತನ್ನ ಲಿಪಿಯಲ್ಲಿ ಬರೆದುಕೊಳ್ಳುತ್ತಾ ಹೋದಳು. ಒಂಬತ್ತಕ್ಕೆ ಅವನು ನಿಲ್ಲಿಸಿದ; ಲೋಟದ ಮಾತನ್ನು ಹಾಳೆಯಲ್ಲಿ ಬರೆದಿರಲಿಲ್ಲ. ಟೀಚರು ಖಾಲಿ ಗೆರೆಯ ಮೇಲೆ ಪೆನ್ನು ಬಡಿದು, ಹತ್ತನೆಯದು ಎಲ್ಲಿ ಎಂಬಂತೆ ನೋಡಿದಳು.

“ಅದೊಂದು ಬಾಕಿ,” ಎಂದ ಅವನು, ಆಕೆಗೆ ತಿಳಿಯದ ತನ್ನ ಭಾಷೆಯಲ್ಲೇ.