ಹಸಿರು ಗಾಜಿನ ಸಮುದ್ರ

ಮಗಳ ಮೈ ಅದುರುವುದು ನಿಂತ ಮೇಲೆ ಮೇಸ್ತ್ರಿ ಮೊದಲು ಹುಡುಕಿದ್ದು ಕನ್ನಡಕವನ್ನು. ಅದು ಅವಳ ಮುಖದ ಮೇಲಿರಲಿಲ್ಲ, ನೆಲಕ್ಕೂ ಬಿದ್ದಿರಲಿಲ್ಲ. ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ, ರಬ್ಬರ್ ಪಟ್ಟಿಯನ್ನು ಒಪ್ಪವಾಗಿ ಸುತ್ತಿ, ಗಾಜು ಗೀಚದಂತೆ ಮೇಲ್ಮುಖವಾಗಿ ಇಟ್ಟಿತ್ತು. ಹಾಗೆಯೇ ಇಡಬೇಕೆಂದು ಅವಳಿಗೆ ಕಲಿಸಿದವನೂ ಅವನೇ.

ಹೆಂಡತಿ ನೋಡುವುದರೊಳಗೆ ಅದನ್ನು ಎತ್ತಿ ಅಂಗಿಯ ಜೇಬಿಗೆ ತುರುಕಿಕೊಂಡ. ಅವಳಿಗೆ ಅದನ್ನೆಲ್ಲ ನೋಡುವಷ್ಟು ಪುರುಸೊತ್ತೂ ಇರಲಿಲ್ಲ. ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿ ಬಂದು, ಮಗಳನ್ನು ಎಡಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ತನ್ನ ತೊಡೆ ಕೊಟ್ಟು ಕೂತಿದ್ದಳು. ಬಾಯಂಚಿನ ಜೊಲ್ಲಿನಲ್ಲಿ ರಕ್ತವಿತ್ತು. ಹುಡುಗಿ ನಾಲಿಗೆ ಕಚ್ಚಿಕೊಂಡಿದ್ದಳು. ಟಿವಿಗೂ ಅದರ ಕೆಳಗಿನ ಆಟದ ಡಬ್ಬಕ್ಕೂ ಒಂದೇ ಪ್ಲಗ್ಗು; ಅದನ್ನು ಮೇಸ್ತ್ರಿ ಬಂದವನೇ ಕಿತ್ತಿದ್ದ. ರಜಾದಿನದ ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು, ಏನೂ ಆಗಿಲ್ಲವೆಂಬಂತೆ ಮೂವರ ಮೇಲೂ ಬಿದ್ದಿತ್ತು.

"ಕನ್ನಡಕ ಹಾಕಿದ್ಲು ತಾನೆ?" ಹೆಂಡತಿ ತಲೆ ಎತ್ತದೆ ಕೇಳಿದಳು.

"ಹಾಕಿದ್ಲು."

"ಹಾಕಿದ್ರೂ ಬಂತಲ್ಲ."

"ಬಂತು," ಅಂದ ಮೇಸ್ತ್ರಿ.

ಅಲ್ಲಿಗೆ ತಪ್ಪೆಲ್ಲ ಕನ್ನಡಕ ಮಾಡಿಕೊಟ್ಟ ಅವನ ತಲೆಗೇ ಬಂತು. ಬರಲಿ ಎಂದೇ ಅವನು ಹಾಗೆ ಹೇಳಿದ್ದು.

ಕಿಟಕಿಗೆ ಗ್ರಿಲ್ಲು, ಕಾಂಪೌಂಡಿಗೆ ಗೇಟು ಮಾಡುವ ವೆಲ್ಡಿಂಗ್ ಶೆಡ್ಡು ಅವನದು. ಶೆಡ್ಡಿನಲ್ಲಿ ಒಂದು ಪದ್ಧತಿ ಇದೆ. ಬೆಸುಗೆ ಕಡ್ಡಿಯನ್ನು ಕಬ್ಬಿಣಕ್ಕೆ ತಾಗಿಸಿ ಬೆಂಕಿ ಹೊತ್ತಿಸುವ ಮುಂಚೆ "ಕಣ್ಣು" ಎಂದು ಕೂಗಬೇಕು. ಕೂಗಿದ ಕೂಡಲೇ ಅಲ್ಲಿರುವವರೆಲ್ಲ, ಸಾಕ್ಷಾತ್ ಮಂತ್ರಿಯೇ ಬಂದು ನಿಂತಿರಲಿ, ಮುಖ ತಿರುಗಿಸಬೇಕು. ಆ ಬೆಳಕನ್ನು ಬರಿಗಣ್ಣಲ್ಲಿ ನೋಡಿದವನು ರಾತ್ರಿಯಿಡೀ ಕಣ್ಣಲ್ಲಿ ಮರಳು ಹೊಯ್ದಂತೆ ಒದ್ದಾಡುತ್ತಾನೆ. ಮಗಳು ಆ ಶೆಡ್ಡಿನಲ್ಲೇ ಬೆಳೆದವಳು. "ಅಪ್ಪ" ಅನ್ನುವುದಕ್ಕಿಂತ ಮುಂಚೆ "ಕಣ್ಣು" ಅಂದಳು ಎಂದು ಮೇಸ್ತ್ರಿ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಸುಳ್ಳು. ಆದರೆ ಅಪ್ಪಂದಿರು ಹೇಳಬಹುದಾದ ಸುಳ್ಳು.

ಬೆಂಕಿ ಆರಿದ ಮೇಲೆ ಮುಖ ತಿರುಗಿಸಿ ಓಡಿ ಬರುತ್ತಿದ್ದಳು. ಸ್ಟೀಲಿನ ಬೆಸುಗೆ ತಣ್ಣಗಾಗುವಾಗ ಅದರ ಅಂಚಿನಲ್ಲಿ ಬಣ್ಣದ ಪಟ್ಟೆಗಳು ಏಳುತ್ತವೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಅವುಗಳನ್ನು ನೋಡುತ್ತ ಕೂತರೆ ಅವಳಿಗೆ ಊಟವೂ ಬೇಡ. ಬಣ್ಣದ ಹುಚ್ಚು ಹತ್ತಿದ್ದು ಅಲ್ಲೇ ಇರಬೇಕು. ದೊಡ್ಡವಳಾದ ಮೇಲೆ ಪೇಂಟಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಗಿರಾಕಿ ಗೋಡೆಯಿಂದ ಕಿತ್ತ ಸುಣ್ಣದ ಚೂರು ತಂದು ಕೊಟ್ಟರೆ, ಅದೇ ಬಣ್ಣ ಬೆರೆಸಿ ಡಬ್ಬಿ ತುಂಬಿಸಿ ಕಳಿಸುತ್ತಾಳೆ.

ಕಾಯಿಲೆ ಕಾಣಿಸಿಕೊಂಡದ್ದು ಹೈಸ್ಕೂಲಿನಲ್ಲಿ. ಗೆಳತಿಯ ಮನೆಯಲ್ಲಿ ವಿಡಿಯೋ ಗೇಮ್ ಆಡುತ್ತಿದ್ದವಳು ದಡಕ್ಕನೆ ಬಿದ್ದಳು. ಹಸಿದಿದ್ದಳು, ಸೆಕೆಗೆ ತಲೆ ಸುತ್ತಿತು ಎಂದು ಎಲ್ಲರೂ ಸಮಾಧಾನ ಹೇಳಿಕೊಂಡರು. ಎರಡನೇ ಸಲ ಬಿದ್ದದ್ದು ಶೆಡ್ಡಿನಲ್ಲಿ, ಮೇಸ್ತ್ರಿಯ ಕಣ್ಣೆದುರೇ. ಮುಖ ತಿರುಗಿಸಿದ್ದಳು, ಆದರೆ ಎದುರಿನ ತಗಡಿನ ಮೇಲೆ ಬೆಂಕಿಯ ಬೆಳಕು ಪಟಪಟ ಕುಣಿಯುತ್ತಿತ್ತು. ಆಮೇಲೆ ಆಸ್ಪತ್ರೆ. ತಲೆಗೆ ತಂತಿ ಅಂಟಿಸಿ, ಮುಂದೆ ದೀಪ ಮಿಣುಕಿಸಿ ನೋಡಿದ ಡಾಕ್ಟರಮ್ಮ ಹೇಳಿದರು: ಮೂರ್ಛೆರೋಗ, ಮಿಣುಕುವ ಬೆಳಕು ಕಂಡರೆ ಕೆರಳುವ ಜಾತಿಯದು. ಮಾತ್ರೆ ತಪ್ಪಿಸಬಾರದು, ನಿದ್ದೆ ಕೆಡಬಾರದು, ಟಿವಿಯಿಂದ ದೂರ ಇರಬೇಕು. ಎಲ್ಲಾದರೂ ಬೆಳಕು ಮಿಣುಕಿದರೆ ಕೂಡಲೇ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಮುಖ ತಿರುಗಿಸಬೇಕು.

"ಶೆಡ್ಡಿಗೆ ಬರಲ್ಲ ಅಪ್ಪ. ಆದ್ರೆ ಆಟ ಬಿಡಲ್ಲ," ಅಂದಿದ್ದಳು ಮಗಳು.

ಅವನು ಬೈದ. ಹೆಂಡತಿ ಅತ್ತಳು. ಅಂಗಡಿ ಕೆಲಸಕ್ಕೆ ಸೇರಿದ ಮೇಲೂ ಇದೇ ಜಗಳ. ಕೊನೆಗೊಂದು ದಿನ ಹುಡುಗಿ ಇಬ್ಬರನ್ನೂ ಕೂರಿಸಿಕೊಂಡು ತಣ್ಣಗೆ ಹೇಳಿದಳು. "ಅಂಗಡೀಲಿ ನಾನು ಏಣಿ ಮುಟ್ಟಿದ್ರೆ ಸಾಕು, ನಾಲ್ಕು ಜನ ಓಡಿ ಬರ್ತಾರೆ. ಬಸ್ಸಲ್ಲಿ ಕೂತ್ರೆ ಅಮ್ಮ ಮೂರು ಸಲ ಫೋನ್ ಮಾಡ್ತಾಳೆ. ಆಟದಲ್ಲಿ ಮಾತ್ರ ನಂಗೆ ಯಾರೂ ಹುಷಾರಾಗಿದ್ದೀಯಾ ಅಂತ ಕೇಳಲ್ಲ."

ಈ ಮಾತು ಮೇಸ್ತ್ರಿಗೆ ನಾಟಿತು. ನಾಟಿದ ಮಾತನ್ನು ಸುಮ್ಮನೆ ಹೊತ್ತು ತಿರುಗುವ ಜಾತಿಯಲ್ಲ ಅವನು. ಏನಾದರೂ ಮಾಡಿ ತೀರಬೇಕು. ಗ್ಯಾಸಿನಲ್ಲಿ ಕಬ್ಬಿಣ ಕತ್ತರಿಸುವಾಗ ಹಾಕಿಕೊಳ್ಳುವ ಹಸಿರು ಗಾಜಿನ ಕನ್ನಡಕಗಳಲ್ಲಿ ತೀರಾ ತೆಳುವಾದದ್ದೊಂದನ್ನು ಆರಿಸಿದ. ಅಂಚನ್ನು ಉಜ್ಜಿ ನುಣುಪು ಮಾಡಿ, ಮೂಗು ಒತ್ತದಂತೆ ಸ್ಪಂಜು ಅಂಟಿಸಿ ತಂದುಕೊಟ್ಟ. ಬೆಂಕಿಯನ್ನೇ ತಡೆಯುವ ಗಾಜು, ಯಃಕಶ್ಚಿತ್ ಟಿವಿಯನ್ನು ತಡೆಯುವುದಿಲ್ಲವೇ ಎಂಬುದು ಅವನ ಲೆಕ್ಕ. ಡಾಕ್ಟರಮ್ಮನನ್ನು ಒಂದು ಮಾತು ಕೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಗಾಜಿನ ವಿಷಯವನ್ನು ಅವನಿಗೆ ಇನ್ನೊಬ್ಬರು ಹೇಳಿಕೊಡುವುದುಂಟೇ.

ವಿಚಿತ್ರವೆಂದರೆ, ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಸಂಜೆ ಕೆಲಸದಿಂದ ಬಂದು, ದೀಪವೆಲ್ಲ ಹಾಕಿಕೊಂಡು, ಹಸಿರು ಕನ್ನಡಕದಲ್ಲಿ ಕಪ್ಪೆಯ ಹಾಗೆ ಕೂತು ಆಡುತ್ತಿದ್ದಳು. "ಏನೇ ಕಪ್ಪೆ, ಎಲ್ಲಿಗೆ ಬಂತು ನಿನ್ನ ದೋಣಿ?" ಎಂದು ಕೇಳುತ್ತ ಮೇಸ್ತ್ರಿ ಒಳಗೆ ಬರುತ್ತಿದ್ದ. ಅದು ದೋಣಿಯ ಆಟ. ಕೆಂಪು ಅಂಗಿಯ ಹುಡುಗಿಯೊಬ್ಬಳು ಒಂಟಿಯಾಗಿ ಹುಟ್ಟು ಹಾಕುತ್ತ, ದ್ವೀಪದಿಂದ ದ್ವೀಪಕ್ಕೆ ದಾಟಿ, ತನ್ನ ಮನೆ ಸೇರಬೇಕು. ಡಾಕ್ಟರಮ್ಮ ಮುಂದಿನ ಸಲ ಮಾತ್ರೆ ಕಡಿಮೆ ಮಾಡೋಣ ಅಂದಿದ್ದರು. ಹೆಂಡತಿ ಕೂಡ ಫೋನ್ ಮಾಡುವುದನ್ನು ಕಡಿಮೆ ಮಾಡಿದ್ದಳು. ಎಲ್ಲ ಸರಿಹೋಯಿತು ಎನ್ನುವಾಗ ಹೀಗಾಯಿತು.

ಮರುದಿನ ಆಸ್ಪತ್ರೆಯಲ್ಲಿ ಮೇಸ್ತ್ರಿ ಜೇಬಿನಿಂದ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಡಾಕ್ಟರಮ್ಮ ಅದನ್ನು ಕಿಟಕಿಗೆ ಹಿಡಿದು ನೋಡಿದರು.

"ನೀವೇ ಮಾಡಿದ್ರಾ? ಚೆನ್ನಾಗಿದೆ," ಅಂದರು. "ಆದ್ರೆ ಇದು ಕಣ್ಣು ಸುಡದ ಹಾಗೆ ನೋಡಿಕೊಳ್ಳೋ ಗಾಜು ಮೇಸ್ತ್ರಿ. ನಿಮ್ಮ ಮಗಳ ಕಣ್ಣು ಸರಿಯಾಗೇ ಇದೆ. ತೊಂದರೆ ಇರೋದು ಅದರ ಹಿಂದೆ. ಬೆಳಕು ಕಡಿಮೆಯಾಯ್ತು ನಿಜ, ಅದು ಒಂಚೂರು ಸಹಾಯ ಮಾಡಿರಬಹುದು. ಅದನ್ನೇ ನಂಬಿ ಕೂರೋಕಾಗಲ್ಲ."

ಮಾತ್ರೆ ಜಾಸ್ತಿಯಾಯಿತು. ಸದ್ಯಕ್ಕೆ ಆಟ ಬೇಡವೇ ಬೇಡ ಎಂದರು. ಮಗಳು ಪಕ್ಕದ ಕುರ್ಚಿಯಲ್ಲಿ ಕೂತು, ಊದಿದ ನಾಲಿಗೆಯಿಂದಾಗಿ ಮಾತಾಡಲಾರದೆ, ತನ್ನ ಚಪ್ಪಲಿ ನೋಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ಹೆಂಡತಿ ಮಾತು ತೆಗೆದಳು. "ಸಂಜೆ ನನ್ನ ತಮ್ಮ ಬರ್ತಾನೆ. ಆ ಆಟದ ಡಬ್ಬಾನ ತಗೊಂಡು ಹೋಗ್ತಾನೆ. ಕಣ್ಣೆದುರಿಗಿದ್ರೆ ಇವಳ ಕೈ ಸುಮ್ನಿರಲ್ಲ."

"ಅವಳಿಗೆ ಹೇಳಿದ್ಯಾ?"

"ನೀವು ಹೇಳಿ. ಆಡು ಅಂತ ಕನ್ನಡಕ ಕೊಟ್ಟಿದ್ದು ನೀವು. ಬೇಡ ಅನ್ನೋದನ್ನೂ ನೀವೇ ಹೇಳಿ. ಪ್ರತಿ ಸಲ ನಾನೇ ಕೆಟ್ಟವಳಾಗೋಕೆ ನಂಗೂ ಸಾಕಾಗಿದೆ ಕಣ್ರೀ." ಅವಳು ಚೀಲ ತೆಗೆದುಕೊಂಡು ಅಂಗಡಿಗೆಂದು ಹೊರಟೇಹೋದಳು.

ಮೇಸ್ತ್ರಿ ಹೇಳಲು ಮಗಳ ಕೋಣೆಗೆ ಹೋದ. ಬಾಗಿಲ ಬಳಿ ನಿಂತು ಗಂಟಲು ಸರಿಮಾಡಿಕೊಂಡದ್ದಷ್ಟೆ, ಹೇಳುವ ಕೆಲಸವೇ ಉಳಿಯಲಿಲ್ಲ.

"ಕೇಳಿಸ್ತು," ಅಂದಳು ಮಗಳು. ಆಮೇಲೆ ಮೆಲ್ಲಗೆ, "ಕನ್ನಡಕ ತೆಗೆದಿದ್ದೆ ಅಪ್ಪ."

"ಗೊತ್ತು."

"ಅಮ್ಮಂಗೆ ಯಾಕೆ ಹೇಳ್ಲಿಲ್ಲ?"

"ನಿಂಗ್ಯಾಕೆ ಬೈಗುಳ ಅಂತ. ನಂಗಾದ್ರೆ ರೂಢಿ ಇದೆ."

ಅವಳು ನಗಲು ನೋಡಿದಳು, ನಾಲಿಗೆ ನೋಯಿತು. "ಕೊನೇ ದ್ವೀಪದ ಹತ್ರ ಬಂದಿದ್ದೆ. ಅಲ್ಲಿ ಬೆಳಗಾಗುತ್ತೆ. ಸಮುದ್ರ ಎಂಥಾ ಬಣ್ಣಕ್ಕೆ ತಿರುಗುತ್ತೆ ಅಂತ ಆಡಿದೋರೆಲ್ಲ ಹೇಳ್ತಾರೆ. ನಂಗೆ ಎಲ್ಲಾನೂ ಹಸಿರು. ಮರಾನೂ ಹಸಿರು, ದೋಣೀನೂ ಹಸಿರು, ಅವಳ ಅಂಗೀನೂ ಕೊಳೆತ ಹಸಿರು. ಒಂದೇ ಒಂದು ಸಲ ನೋಡೋಣ ಅಂತ ತೆಗೆದೆ. ಬೆಳಗಾಗೋಕೆ ಮುಂಚೆ ಮಿಂಚು ಬಂತು."

ಬಣ್ಣ ಬೆರೆಸುವವಳಿಗೆ ತಾನು ಹಸಿರು ಗಾಜು ಕೊಟ್ಟೆ ಎಂಬುದು ಇಷ್ಟು ತಿಂಗಳಲ್ಲಿ ಮೇಸ್ತ್ರಿಯ ತಲೆಗೆ ಹೊಳೆದಿರಲಿಲ್ಲ.

"ಅವಳನ್ನ ನಡುನೀರಲ್ಲಿ ಬಿಟ್ಟು ಡಬ್ಬಾ ಕಳಿಸಬೇಡ," ಅಂದಳು ಮಗಳು. "ಮನೆ ಸೇರಿಸಿ ಕಳಿಸು. ನೀನು ಆಡು. ನಾನು ನೋಡಲ್ಲ, ಗೋಡೆ ಕಡೆ ಕೂತು ಹೇಳ್ಕೊಡ್ತೀನಿ."

ಹೆಂಡತಿ ಇದ್ದಿದ್ದರೆ ಆಗದ ಮಾತು. ಇರಲಿಲ್ಲ. ಮೇಸ್ತ್ರಿ ಕುರ್ಚಿಯನ್ನು ಟಿವಿಗೆ ಬೆನ್ನು ಮಾಡಿ ತಿರುಗಿಸಿದ, ಕಿಟಕಿಗಳನ್ನೆಲ್ಲ ಹಾರು ಹೊಡೆದಂತೆ ತೆಗೆದ, ಹಗಲಲ್ಲೇ ದೀಪ ಹಾಕಿದ. ಮಗಳ ಎದುರಿಗೆ ಬರೀ ಗೋಡೆ. ಅವಳೇ ಬೆರೆಸಿ ಹಚ್ಚಿದ ಕೆನೆ ಬಣ್ಣದ್ದು. ಅದರ ಮೇಲೆ ಅಜ್ಜಿಯ ಫೋಟೋ.

ಕಿಡಿ ಹಾರಿ ಹಾರಿ ದಡ್ಡುಗಟ್ಟಿದ ಮೇಸ್ತ್ರಿಯ ಹೆಬ್ಬೆರಳಿಗೆ ಆಟದ ಗುಂಡಿ ಒತ್ತಿದ್ದೇ ಗೊತ್ತಾಗುತ್ತಿರಲಿಲ್ಲ. ದೋಣಿ ಗಿರಗಿರನೆ ಸುತ್ತಿ ಬಂಡೆಗೆ ಹೊಡೆಯಿತು.

"ಸದ್ದು ಕೇಳ್ತು," ಅಂದಳು ಮಗಳು ಗೋಡೆಗೆ ಮುಖ ಮಾಡಿ. "ಅಪ್ಪ, ಅದೇನು ಗೇಟಾ? ಹಾಗೆ ತಳ್ಳಬೇಡ. ಮೆಲ್ಲಗೆ ಒತ್ತಿ ಬಿಡು. ಎಡಗಡೆ ಜೋಡಿ ಬಂಡೆ ಬರುತ್ತೆ, ಅದರ ನಡುವೆ ಹೋಗು. ದಡ ಮುಟ್ಟಿ ಹಗ್ಗ ಕಟ್ಟೋವರೆಗೂ ನಿಲ್ಲಿಸಬಾರದು. ನಡುವೆ ನಿಲ್ಲಿಸಿದ್ರೆ, ಮೊನ್ನೆ ಆದ ಹಾಗೆ, ಅವಳು ಹಿಂದಿನ ದ್ವೀಪಕ್ಕೇ ವಾಪಸ್ಸು."

"ಯಾವ ಕಂಪನಿಯವನಪ್ಪ ಈ ಕಾನೂನು ಮಾಡಿದ್ದು," ಎಂದು ಗೊಣಗುತ್ತ ಅವನು ಮತ್ತೆ ಹುಟ್ಟು ಹಾಕಿದ. ಬರುಬರುತ್ತ ಕೈ ಕುದುರಿತು. ಜೋಡಿ ಬಂಡೆ ದಾಟಿತು. ಕೆಂಪು ಅಂಗಿಯ ಹುಡುಗಿ ಆಗಾಗ ಹಿಂತಿರುಗಿ ಅವನನ್ನೇ ನೋಡುವಂತಿತ್ತು; ಹುಷಾರಾಗಿದ್ದೀಯಾ ಎಂದು ಕೇಳುವುದು ಬಾಯಿತುದಿಗೆ ಬಂದು ಅವನು ನುಂಗಿಕೊಂಡ. ನೀರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮಗಳು ಇಲ್ಲಿ ಯಾಕೆ ಬಂದು ಕೂರುತ್ತಿದ್ದಳು ಎಂಬುದು ಅವನಿಗೆ ಈಗ ಗೊತ್ತಾಯಿತು. ಗೊತ್ತಾಗದಿದ್ದರೇ ಚೆನ್ನಾಗಿತ್ತು.

"ಮನೆ ಕಾಣ್ತಿದೆ," ಅಂದ. "ಗುಡ್ಡದ ಮೇಲೆ. ದೀಪ ಹಚ್ಚಿದ್ದಾರೆ."

"ಅದೇ," ಅಂದಳು ಮಗಳು. ಅವಳ ಬೆನ್ನು ನೆಟ್ಟಗಾಯಿತು. "ಈಗ ಗಾಳಿ ಬರುತ್ತೆ, ಹೆದರಬೇಡ. ನೇರ ಹೋಗು."

ಗಾಳಿ ಬಂತು. ಆಕಾಶ ಕಪ್ಪಾಯಿತು. ದಡದ ಗೂಟ, ಅದಕ್ಕೆ ಸುತ್ತಿದ ಹಗ್ಗದ ತುದಿ ಎಲ್ಲ ಕಾಣುತ್ತಿದ್ದವು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆಗ ಮೊದಲ ಮಿಂಚು ಹೊಡೆಯಿತು. ಮೇಸ್ತ್ರಿಗೆ ಯಾಕೆ ಹಾಗನಿಸಿತೋ, ಟಿವಿ ಬಿಟ್ಟು ಮಗಳ ಕಡೆ ನೋಡಿದ. ಅವಳ ಎದುರಿನ ಫೋಟೋದ ಗಾಜಿನಲ್ಲಿ, ಅಜ್ಜಿಯ ಮುಖದ ಮೇಲೆ, ಬೆಳಕು ಪಟಪಟ ಕುಣಿಯುತ್ತಿತ್ತು. ಶೆಡ್ಡಿನ ತಗಡಿನ ಮೇಲೆ ಕುಣಿದ ಹಾಗೆಯೇ.

"ಕಣ್ಣು," ಎಂದು ಕೂಗಿ ಅವನು ಪ್ಲಗ್ಗಿನ ತಂತಿಗೆ ಕೈ ಹಾಕಿ ಎಳೆದ.

ಕೋಣೆ ಸ್ತಬ್ಧವಾಯಿತು. ನೀರಿಲ್ಲ, ಗಾಳಿಯಿಲ್ಲ. ಮಗಳು ಗೋಡೆಯಿಂದಲೂ ಮುಖ ತಿರುಗಿಸಿ, ಒಂದು ಕಣ್ಣಿಗೆ ಅಂಗೈ ಒತ್ತಿ, ಇನ್ನೊಂದನ್ನು ಬಿಗಿಯಾಗಿ ಮುಚ್ಚಿ ಕೂತಿದ್ದಳು. ಚಿಕ್ಕಂದಿನಲ್ಲಿ ಶೆಡ್ಡಿನ ಮೂಲೆಯಲ್ಲೂ ಹೀಗೇ ಮುಖ ತಿರುಗಿಸಿ ಕೂರುತ್ತಿದ್ದಳು. ಮೈ ಅದುರುತ್ತದೆಯೇ ಎಂದು ಅವನು ಉಸಿರು ಹಿಡಿದು ನೋಡಿದ. ಅದುರಲಿಲ್ಲ. ಟಿವಿಯ ಕಪ್ಪು ಗಾಜಿನಲ್ಲಿ ಅವನೂ ಅವಳ ಕುರ್ಚಿಯೂ ಪುಟ್ಟದಾಗಿ ಕಾಣುತ್ತಿದ್ದವು.

ಮಗಳು ಕೇಳಿದಳು. "ಸೇರಿದ್ಲಾ ಅಪ್ಪ?"

"ಸೇರಿದ್ಲು."

"ಹಗ್ಗ ಕಟ್ಟಿದ್ಯಾ?"

"ಗಟ್ಟಿಯಾಗಿ ಕಟ್ಟಿದೆ."

ಅವಳು ಕಣ್ಣಿನ ಮೇಲಿನ ಕೈ ತೆಗೆಯಲಿಲ್ಲ. "ಬೆಳಗಾಯ್ತಾ?"

"ಈಗ ಆಗ್ತಿದೆ," ಅಂದ ಮೇಸ್ತ್ರಿ. "ದಡದ ಹತ್ರ ಒಣಹುಲ್ಲಿನ ಹಳದಿ. ಬೆಸುಗೆ ಆರುವಾಗ ಮೊದಲು ಬರುತ್ತಲ್ಲ, ಅದು. ಆಚೆ ಕಂದು."

"ಸಮುದ್ರ?"

"ನೇರಳೆ. ತುದೀಲಿ ನೀಲಿಗೆ ತಿರುಗ್ತಾ ಇದೆ."

"ನಿಧಾನಕ್ಕೆ ಹೇಳು," ಅಂದಳು ಮಗಳು.

ಅವನು ಕೈಯಲ್ಲಿದ್ದ ಪ್ಲಗ್ಗನ್ನು ಸದ್ದಾಗದಂತೆ ನೆಲದ ಮೇಲಿಟ್ಟು, ಮತ್ತೆ ಹಳದಿಯಿಂದ ಶುರುಮಾಡಿದ.