ಬೇರು ತೇಯುವ ಕಲ್ಲು

"ಆನೆ ಹಲ್ಲು ಮನೇಲಿಟ್ಕೊಂಡಿದ್ದೀಯಲ್ಲ, ಜೈಲು ಅಂದ್ರೆ ಏನು ಗೊತ್ತಾ ನಿಂಗೆ?" ಫಾರೆಸ್ಟರ್ ಶಿವಶಂಕರ ಅಂಗಳದಲ್ಲೇ ಕೂತು ಕಾಗದ ಬರೆಯುತ್ತಿದ್ದ.

ಸಿದ್ದಿಗೆ ಮೈಯೆಲ್ಲ ಉರಿಯಿತು. ಆರು ವರ್ಷದ ಹಿಂದೆ ಹಳ್ಳದ ದಡದಲ್ಲಿ ನೂರೆಗೆಡ್ಡೆ ಅಗೆಯುವಾಗ ಜಲ್ಲಿಯೊಳಗೆ ಸಿಕ್ಕ ಕಲ್ಲು ಅದು. ಮೈಮೇಲೆ ಸಾಲಾಗಿ ದಿಣ್ಣೆಗಳು. ಔಷಧಿಯ ಬೇರು ತೇಯಲು ಇನ್ನೇನು ಬೇಕು? ಕಾಡಿನ ನಡುವಿನ ಅವರ ಪುಟ್ಟ ಹಾಡಿ, ಆ ಪೋಡಿನ ಮಕ್ಕಳ ಹೊಟ್ಟೆನೋವೆಲ್ಲ ಅದರ ಮೇಲೇ ವಾಸಿಯಾಗಿತ್ತು. ಈಗ ತಿರುವಿ ನೋಡಿದರೆ, ಹೌದು, ಅಡಿಯಲ್ಲಿ ಹಲ್ಲಿನ ಬುಡವೇ ಇತ್ತು.

"ಹೆಬ್ಬೆಟ್ಟು ಒತ್ತಿಬುಡವ್ವ," ಮಗಳು ಮೀನಾ ಅಳುಮೋರೆ ಮಾಡಿದಳು. "ತಕಂಡೋಗ್ಲಿ ಅತ್ಲಾಗೆ."

"ಒತ್ತಾಕಿಲ್ಲ ಕಣೇ. ಒತ್ತುದ್ರೆ ಕಳ್ಳಿ ಆಗೋದು ನಾನು. ಯಳಂದೂರು ಕೋರ್ಟಿಗೆ ಅಲಿಯೋಳೂ ನಾನು."

ಒಲೆಯಿಂದ ಕೆಂಡ ತಂದು ಹಲ್ಲಿನ ಮೇಲಿಟ್ಟಳು. ಶಿವಶಂಕರ ಹೌಹಾರಿ ಎದ್ದ.

"ಮೂಸಿ ಸಾ. ಮೂಳೆ ಸುಟ್ರೆ ಊರೆಲ್ಲ ನಾತ. ಇದು ನಾತ ಒಡೀತದಾ?"

ಅವನು ಬಗ್ಗಿದ. ಬಿಸಿಕಲ್ಲಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಹಲ್ಲೇ ಇರ್ಬೌದು. ನಮ್ಮ ಕಾಡಾನೇದಲ್ಲ. ನಮ್ಮಾನೆ ಹಲ್ಲಲ್ಲಿ ಗೆರೆ ಒತ್ತೊತ್ತಾಗಿರ್ತವೆ. ಇದ್ರಲ್ಲಿ ದಪ್ಪ ದಪ್ಪ ದಿಣ್ಣೆ, ಆರೇ ಆರು. ಎಣುಸ್ಕಳಿ."

ಶಿವಶಂಕರ ಮೊಬೈಲಿನಲ್ಲಿ ಸತ್ತ ಆನೆಯೊಂದರ ದವಡೆಯ ಫೋಟೋ ಹುಡುಕಿ ಪಕ್ಕಕ್ಕೆ ಹಿಡಿದ. ಎರಡು ಸಲ ನೋಡಿದ. ತಾಳೆಯಾಗಲಿಲ್ಲ.

"ಮತ್ತೆ ಯಾವ ಪ್ರಾಣೀದು?"

"ಆನೆಗಿಂತ ಮುಂಚೆ ಇನ್ನೊಂದಾನೆ ಇದ್ದಿರ್ಬೌದು. ಹಲ್ಲು ಕಲ್ಲಾಗೋವಷ್ಟು ಇಂದೆ. ಅದ್ನ ಕೊಲ್ಲಕ್ಕೆ ನಾನು ಉಟ್ಟಿದ್ನಾ ಸಾ? ತಿಳಿದೋರು ಬಂದು ನೋಡ್ಲಿ. ಅಲ್ಲೀಗಂಟ ಆನೆ ಅಂತ ಬರೀಬ್ಯಾಡಿ."

"ಆನೆ ಅಂತ ಬರೀದಿದ್ರೆ ಕೇಸೇ ನಿಲ್ಲಲ್ಲಮ್ಮ! ಪ್ರಾಣಿ ಹೆಸರಿನ ಜಾಗ ಖಾಲಿ ಬಿಡೋ ಹಾಗೂ ಇಲ್ಲ."

"ಗೊತ್ತಿಲ್ಲ ಅಂತ ಬರೀರಿ. ಆಗ ಒತ್ತುತೀನಿ."

"ಸರ್ಕಾರಿ ಕಾಗದದಲ್ಲಿ ಗೊತ್ತಿಲ್ಲ ಅಂತ ಬರೀಲಾ?"

"ಗೊತ್ತಿಲ್ವಲ್ಲ, ಬರೀರಿ."

ಶಿವಶಂಕರ ಅವಳನ್ನು ದುರುಗುಟ್ಟಿ ನೋಡಿದ. ಕೆಂಡವನ್ನು ನೋಡಿದ. ಆಮೇಲೆ 'ಆನೆ' ಎಂಬುದರ ಮೇಲೆ ಗೀಟೆಳೆದು ಪಕ್ಕದಲ್ಲಿ ಸಣ್ಣಗೆ ಬರೆದ. ಮೀನಾ ಅವನ ಹೆಗಲ ಮೇಲಿಂದ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು.

"ಗೊ... ತ್ತಿ... ಲ್ಲ."

"ಇನ್ನೊಂದ್ಸಲ ಓದೇ," ಎಂದಳು ಸಿದ್ದಿ, ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ.